ಫಾರ್ವರ್ಡ್ ಶಾಸನ ಸಂಪುಟಕ್ಕೊಂದು ಪೀಠಿಕೆ

ಬಿ. ಎಲ್. ರೈಸ್ 1886ರಿಂದ ತೊಡಗಿ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಅಚ್ಚು ಹಾಕಿಸಿದರು. 1936ರಲ್ಲಿ ಎಂ. ಎಚ್. ಕೃಷ್ಣ ಹಲ್ಮಿಡಿಯ ಕಲ್ಲನ್ನು ಬೆಳಕಿಗೆ ತಂದರು. ಆಮೇಲಿನ ಪಂಡಿತರು ಹಳೆಯದನ್ನು ಹುಡುಕುವುದರಲ್ಲೇ ಮುಳುಗಿ, ಹೊಸ ಶಾಸನ ಹುಟ್ಟುವುದು ಯಾವತ್ತೋ ನಿಂತಿತೆಂದು ಪರೀಕ್ಷಿಸದೆಯೇ ನಂಬಿಬಿಟ್ಟರು. ಆ ನಂಬಿಕೆಯ ಖಂಡನೆಯೇ ಈ ಪ್ರಬಂಧದ ಉದ್ದೇಶ. ದಿನಾ ನಸುಕಿನಲ್ಲಿ, ಹಾಲಿನವನು ಬರುವುದಕ್ಕೂ ಮುಂಚೆ, ನಾಡಿನ ಹಿರಿಯರು ಹಾಸಿಗೆಯಲ್ಲಿ ಕೂತೇ ಹೊಯ್ಸಳರು ಮೂರು ತಲೆಮಾರಿನಲ್ಲಿ ಹಾಕಿಸಿದ್ದಕ್ಕಿಂತ ಹೆಚ್ಚು ಶಾಸನಗಳನ್ನು ಹೊರಡಿಸುತ್ತಿದ್ದಾರೆ. ಕಲ್ಲಿನ ಜಾಗಕ್ಕೆ ಗಾಜು ಬಂದಿದೆ, ಉಳಿಯ ಜಾಗಕ್ಕೆ ಹೆಬ್ಬೆರಳು. ಲೋಕ ವಾಟ್ಸಾಪ್ ಫಾರ್ವರ್ಡ್ ಎಂದು ಹಗುರವಾಗಿ ಕರೆಯುವ ವಸ್ತು ಕನ್ನಡ ಶಾಸನದ ಸಾಕ್ಷಾತ್ ಮರಿಮೊಮ್ಮಗ. ವಾಟ್ಸಾಪನ್ನು 2009ರಲ್ಲಿ ಜಾನ್ ಕೂಮ್ ಮತ್ತು ಬ್ರಿಯಾನ್ ಆಕ್ಟನ್ ಎಂಬಿಬ್ಬರು ಕ್ಯಾಲಿಫೋರ್ನಿಯದಲ್ಲಿ ಕಟ್ಟಿದರೆಂಬುದು ನಿಜ. ಆದರೆ ಕಲ್ಲುಗಣಿ ಎಲ್ಲಿದ್ದರೇನು, ಶಾಸನದ ಊರನ್ನು ತೀರ್ಮಾನಿಸುವುದು ಅದನ್ನು ನೆಟ್ಟ ಜಾಗದಿಂದ.

ಮೊದಲು ರೂಪಸಾಮ್ಯ. ದಾನಶಾಸನದ ನೆತ್ತಿಯಲ್ಲಿ ಸೂರ್ಯಚಂದ್ರರಿರುತ್ತಾರೆ, ಪಕ್ಕದಲ್ಲಿ ಹಸು ಕರು, ನಡುವೆ ಲಿಂಗವೋ ಜಿನನೋ. ಶುಭೋದಯ ಸಂದೇಶದ ನೆತ್ತಿಯಲ್ಲೂ ಸೂರ್ಯನಿದ್ದಾನೆ. ಕರುವಿನ ಜಾಗದಲ್ಲಿ ಬೆಕ್ಕಿನ ಮರಿ ಬಂದಿರುವುದನ್ನು ಕಾಲಮಾನದ ವ್ಯತ್ಯಾಸವೆಂದು ಬಿಡಬಹುದು. ಇಬ್ಬನಿ ಬಿದ್ದ ಗುಲಾಬಿಯ ಮೂಲ ಮಾತ್ರ ಇನ್ನೂ ಚರ್ಚಾಸ್ಪದ. ಶಾಸನ 'ಮಂಗಳ ಮಹಾಶ್ರೀ' ಎಂದು ಮುಗಿದರೆ ಫಾರ್ವರ್ಡ್ ಕೈಮುಗಿದ ಇಮೋಜಿಯಲ್ಲಿ ಮುಗಿಯುತ್ತದೆ, ಭಕ್ತಿ ಹೆಚ್ಚಿದ್ದಲ್ಲಿ ಏಳೆಂಟು ಜೊತೆ ಕೈಗಳಲ್ಲಿ. ಶಾಸನದ ಪ್ರಶಸ್ತಿಭಾಗ ಈಗ ಹುಟ್ಟುಹಬ್ಬದ ಶುಭಾಶಯಕ್ಕೆ ಇಳಿದಿದೆ: ಬಡಾವಣೆಯ ನಿವಾಸಿಗಳ ಸಂಘದ ಖಜಾಂಚಿಗೂ ಚಾಲುಕ್ಯ ಚಕ್ರವರ್ತಿಗೂ ಸಲ್ಲುವ ಬಿರುದುಗಳಲ್ಲಿ ಹೆಚ್ಚಿನ ಅಂತರ ಕಾಣುವುದಿಲ್ಲ. ಬಿಟ್ಟುಹೋದದ್ದು ಒಂದೇ, ಕರ್ತೃವಿನ ಹೆಸರು. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ತನ್ನ ಹೆಸರು ಹೇಳಿದ್ದಲ್ಲದೆ, ತನ್ನ ಕೀರ್ತಿ ಕಾಳಿದಾಸ ಭಾರವಿಗಳಿಗೆ ಸಮಾನವೆಂದೂ ಸೇರಿಸಿದ. ಇಂದಿನ ಕವಿ ಎಷ್ಟು ವಿನಯಶಾಲಿಯೆಂದರೆ ತಾನು ಬರೆದ ನಾಲ್ಕು ಸಾಲನ್ನು ಸೀದಾ ಅಬ್ದುಲ್ ಕಲಾಂ ಹೆಸರಿಗೆ ಬರೆದುಕೊಡುತ್ತಾನೆ. ಇದೂ ಒಂದು ದಾನವೇ ಆದ್ದರಿಂದ ದಾನಶಾಸನ ಎಂಬ ವರ್ಗೀಕರಣಕ್ಕೆ ಭಂಗವಿಲ್ಲ.

ಆದರೆ ರೂಪಸಾಮ್ಯದಿಂದ ವಂಶ ಸಿದ್ಧವಾಗದು. ವಂಶ ತೋರುವುದು ಬೈಗುಳದಲ್ಲಿ. ಶಾಸನದ ಪ್ರಾಣವಿರುವುದು ಕೊನೆಯ ಶಾಪಾಶಯದಲ್ಲೆಂಬುದು ಓದಿದವರಿಗೆಲ್ಲ ಗೊತ್ತು. ಹದಿನಾರೇ ಸಾಲಿನ ಹಲ್ಮಿಡಿ ಶಾಸನ ಕೂಡ ದತ್ತಿಯನ್ನು ಕದ್ದವನಿಗೆ ಮಹಾಪಾತಕವೆಂದು ಎಚ್ಚರಿಸದೆ ಬಿಡಲಿಲ್ಲ. ಮುಂದೆ ಪಾಪದ ಲೆಕ್ಕ ಏರಿತು. ದಾನವನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ದೋಷಕ್ಕೆ ಹೋಗುತ್ತಾನೆ, 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಕಾಪಾಡಿದವನಿಗೆ ಅಷ್ಟೇ ದೊಡ್ಡ ಪುಣ್ಯ. ಈ ಪಾಪಪುಣ್ಯದ ತಕ್ಕಡಿಯೇ 'ಹನ್ನೊಂದು ಜನಕ್ಕೆ ಕಳಿಸಿ, ಸಂಜೆಯೊಳಗೆ ಶುಭವಾರ್ತೆ. ನಿರ್ಲಕ್ಷಿಸಿದವನ ಗತಿ ಕೇಳಬೇಡಿ' ಎಂಬಲ್ಲಿ ಅಖಂಡವಾಗಿ ಉಳಿದಿದೆ. ನಡುವೆ ಕೊಂಡಿ ಕಳಚಿದೆಯಲ್ಲ ಎನ್ನುವವರಿಗೆ ಅಂಚೆ ಕಾರ್ಡನ್ನು ತೋರಿಸುತ್ತೇವೆ. ದೇವರ ಹೆಸರಿನಲ್ಲಿ ಇಷ್ಟು ಕಾರ್ಡು ಬರೆದವನಿಗೆ ನಿಧಿ ಸಿಕ್ಕಿದ್ದೂ ಹರಿದು ಹಾಕಿದವನು ರಕ್ತ ಕಾರಿದ್ದೂ ಹಿಂದಿನ ತಲೆಮಾರಿನ ಮನೆಮನೆಗೂ ಹಂಚಿಕೆಯಾಗಿತ್ತು. ಶಿಲಾಯುಗಕ್ಕೂ ಗಾಜಿನ ಯುಗಕ್ಕೂ ನಡುವೆ ಹೀಗೊಂದು ಕಾರ್ಡುಯುಗವಿದ್ದುದನ್ನು ಇತಿಹಾಸಕಾರರು ಇನ್ನೂ ಒಪ್ಪಿಲ್ಲ.

ಪೂರ್ವಪಕ್ಷದ ದೊಡ್ಡ ಆಕ್ಷೇಪ ಸ್ಥಿರತೆಯದು. ಶಾಸನ ಆಚಂದ್ರಾರ್ಕ ನಿಲ್ಲುವಂಥದ್ದು, ಫಾರ್ವರ್ಡ್ ಬೆರಳು ತಾಗಿದರೆ ಅಳಿಯುವಂಥದ್ದು, ಇವೆರಡಕ್ಕೂ ಎಲ್ಲಿಯ ನಂಟು ಎಂದು ಅವರು ಕೇಳುತ್ತಾರೆ. ಆಚಂದ್ರಾರ್ಕ ನಿಲ್ಲಬೇಕಿದ್ದ ಎಷ್ಟು ಶಾಸನಗಳು ಊರ ಕೆರೆಯಲ್ಲಿ ಬಟ್ಟೆ ಒಗೆಯುವ ಕಲ್ಲಾಗಿವೆ, ಎಷ್ಟು ಚರಂಡಿಯ ಮೇಲಿನ ಚಪ್ಪಡಿಯಾಗಿವೆ ಎಂದು ಅವರು ಒಮ್ಮೆ ಹೋಗಿ ಎಣಿಸಿಕೊಂಡು ಬರಲಿ. ಫಾರ್ವರ್ಡ್ ಮಾತ್ರ ಅಳಿದದ್ದಿಲ್ಲ. 2003ರ ಆಗಸ್ಟ್ 27ರಂದು ಮಂಗಳ ಗ್ರಹ ಭೂಮಿಗೆ ಸುಮಾರು 5.6 ಕೋಟಿ ಕಿಲೋಮೀಟರಿನಷ್ಟು ಹತ್ತಿರ ಬಂದಿತು. ಹೆಚ್ಚುಕಡಿಮೆ 60,000 ವರ್ಷಗಳಲ್ಲಿ ಅದು ಅಷ್ಟು ಹತ್ತಿರ ಬಂದಿರಲಿಲ್ಲ. ದೂರದರ್ಶಕದಲ್ಲಿಟ್ಟು ನೋಡಿದರೆ ಬರಿಗಣ್ಣಿನ ಚಂದ್ರನಷ್ಟು ಕಾಣುತ್ತದೆ ಎಂಬ ಮಾತು ಇಮೇಲುಗಳಲ್ಲಿ ಓಡಾಡುವಾಗ ದೂರದರ್ಶಕ ದಾರಿಯಲ್ಲಿ ಬಿದ್ದುಹೋಗಿ, ಆಕಾಶದಲ್ಲಿ ಎರಡು ಚಂದ್ರರು ಮೂಡುವುದೆಂದಾಯಿತು. ಮಂಗಳ ತನ್ನ ದಾರಿ ಹಿಡಿದು ಹೋಯಿತು, ಸಂದೇಶ ಹೋಗಲಿಲ್ಲ. ಅಂದಿನಿಂದ ಆಗಸ್ಟ್ ಬಂತೆಂದರೆ ಅದು ಗೌರಿ ಗಣೇಶರಿಗೆ ಸ್ವಲ್ಪ ಮುಂಚಿತವಾಗಿ ಮನೆಗೆ ಬರುತ್ತದೆ. ಯಾವ ಅರಸನ ಶಾಸನವೂ ತಾನು ನಿಲ್ಲುವ ಅವಧಿಗೆ ಒಂದಕ್ಕಿಂತ ಹೆಚ್ಚು ಚಂದ್ರರನ್ನು ಒದಗಿಸಿದ ದಾಖಲೆಯಿಲ್ಲ. ಇನ್ನು ಶಾಪದ 60,000 ವರ್ಷ, ಮಂಗಳನ 60,000 ವರ್ಷ: ಇದನ್ನು ಕಾಕತಾಳೀಯವೆಂದು ತಳ್ಳಿಹಾಕುವ ಧೈರ್ಯ ನಮಗಿಲ್ಲ, ಇರುವ ಆಕ್ಷೇಪಕರು ಮುಂದೆ ಬರಲಿ.

ಫಾರ್ವರ್ಡುಗಳಲ್ಲಿ ಸುಳ್ಳಿದೆ ಎಂಬ ಆಕ್ಷೇಪ ಕೇಳಿದಾಗ ನಮಗೆ ನಗು ಬರುತ್ತದೆ. ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟ್ ವಾದಿಸಿದರು, ಅಲ್ಲವೆಂದು ರೈಸ್ ಪಟ್ಟು ಹಿಡಿದರು, ಇಬ್ಬರು ಘನ ಪಂಡಿತರ ಜಗಳ ವರ್ಷಗಟ್ಟಲೆ ನಡೆಯಿತು. ಖೊಟ್ಟಿ ದಾಖಲೆ ಸೃಷ್ಟಿಸುವುದು ಪರಂಪರೆಗೆ ಹೊರಗಿನದಲ್ಲವೆಂದು ಇದರಿಂದ ವೇದ್ಯ. 2016ರ ನವೆಂಬರಿನಲ್ಲಿ ಹೊಸ 2,000 ರೂಪಾಯಿ ನೋಟಿನಲ್ಲಿ ನ್ಯಾನೋ ಚಿಪ್ ಇದೆ, ನೆಲದೊಳಗೆ ಹೂತಿಟ್ಟರೂ ಉಪಗ್ರಹಕ್ಕೆ ಸುಳಿವು ಕೊಡುತ್ತದೆ ಎಂಬ ಸಂದೇಶ ಹರಿದಾಡಿತಷ್ಟೆ. ಚಿಪ್ ಇರಲಿಲ್ಲ. ಆದರೆ ವಿಜಯನಗರದ ದಾನಪತ್ರಗಳಲ್ಲಿ ಅಷ್ಟಭೋಗಗಳನ್ನು ಎಣಿಸುವಾಗ ಮೊದಲು ಬರುವುದೇ ನಿಧಿ, ನಿಕ್ಷೇಪ, ಅಂದರೆ ನೆಲದೊಳಗಿನ ಹಣದ ಮೇಲಿನ ಹಕ್ಕು. ಆರೇಳು ಶತಮಾನ ಕಳೆದರೂ ನಾಡಿನ ಚಿತ್ತ ಹೂತಿಟ್ಟ ದುಡ್ಡಿನ ಸುತ್ತಲೇ ಸುಳಿಯುತ್ತಿದ್ದುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ?

ಗಂಗವಾಡಿ 96,000, ಬನವಾಸಿ 12,000 ಎಂಬ ಪ್ರಾಂತನಾಮಗಳ ಸಂಖ್ಯೆ ಹಳ್ಳಿಗಳದೋ ಕಂದಾಯದ್ದೋ ಎಂದು ಇತಿಹಾಸಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಅದು ಗ್ರೂಪಿನ ಸದಸ್ಯಸಂಖ್ಯೆ ಎಂಬುದು ನಮ್ಮ ಸೂಚನೆ. ವಾಟ್ಸಾಪ್ 2022ರಲ್ಲಿ ಗ್ರೂಪಿನ ಮಿತಿಯನ್ನು 1,024ಕ್ಕೆ ಏರಿಸಿ ನಿಂತಿರುವುದರಿಂದ ಗಂಗವಾಡಿ ಮಟ್ಟ ಮುಟ್ಟಲು ಇನ್ನೂ ತುಂಬ ದೂರವಿದೆ. ಒಂದು ತೊಡಕನ್ನು ಮಾತ್ರ ಪ್ರಾಮಾಣಿಕವಾಗಿ ಒಪ್ಪಬೇಕು. 2018ರ ಜುಲೈನಲ್ಲಿ ಕಂಪನಿಯವರು ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂದು ಕಟ್ಟು ಹಾಕಿದರು. 2020ರ ಏಪ್ರಿಲ್‌ನಲ್ಲಿ ಹೆಚ್ಚು ಕೈದಾಟಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದರು. ಹನ್ನೊಂದು ಜನಕ್ಕೆ ಕಳಿಸದಿದ್ದರೆ ಪಾಪ, ಕಳಿಸಲು ಕಂಪನಿ ಬಿಡದು. ಈ ಪಾಪ ಕಳಿಸದವನ ಲೆಕ್ಕಕ್ಕೋ ಕಂಪನಿಯ ಲೆಕ್ಕಕ್ಕೋ ಎಂಬ ಧರ್ಮಸೂಕ್ಷ್ಮ ಈ ಪೀಠಿಕೆಯ ವ್ಯಾಪ್ತಿಗೆ ಮೀರಿದ್ದು. ಭಕ್ತರು ಹನ್ನೊಂದು ಸಲ ಬೆರಳು ಒತ್ತಿ ಇದನ್ನು ವ್ಯವಹಾರದಲ್ಲಿ ಬಗೆಹರಿಸಿಕೊಂಡಿದ್ದಾರೆ.

ಕೊನೆಯದಾಗಿ ವೀರಗಲ್ಲು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ ಎಂಬ ಮೂರು ಹಂತದ ಕಲ್ಲು ಗ್ರೂಪಿನಲ್ಲಿ ಒಂದೇ ಸಾಲಾಗಿ ಕುಗ್ಗಿತ್ತು: ಇಂಥವರು ಗ್ರೂಪ್ ತೊರೆದರು. ಸಾಲಿನ ಮೇಲುಗಡೆ ಕಾಳಗ, ಅಂದರೆ ಸೈಟಿನ ಭಾಗದ ವಿಚಾರವಾಗಿ ಚಿಕ್ಕಪ್ಪನೊಡನೆ ನಡೆದ ವಾಗ್ವಾದ, ಹಾಗೇ ಓದಲು ಸಿಗುತ್ತಿತ್ತು. ಅಪ್ಸರೆಯರ ಪಾತ್ರವನ್ನು 'ಯಾಕೆ, ಏನಾಯ್ತು, ವಾಪಸ್ ಸೇರಿಸಿ' ಎನ್ನುವ ಅತ್ತೆಯಂದಿರು ವಹಿಸುತ್ತಿದ್ದರು. 2022ರಲ್ಲಿ ಇದೂ ನಿಂತಿತು. ಈಗ ಯಾರು ಎದ್ದುಹೋದರೂ ಸದ್ದಿಲ್ಲ, ಸುದ್ದಿ ಅಡ್ಮಿನ್‌ಗೆ ಮಾತ್ರ. ಉಳಿದವರು ಹುಡುಕಿದರೆ ಹೋದವರ ಪಟ್ಟಿ 60 ದಿನ ಕಾಣುತ್ತದೆ. ಹೀಗಾಗಿ ಆಮೇಲಿನ ವೀರರ ವಿಷಯದಲ್ಲಿ ಮುಂದಿನ ಸಂಶೋಧಕರಿಗೆ ಉಳಿಯುವ ಆಕರ ಅಡ್ಮಿನ್ ಆದ ದೊಡ್ಡಪ್ಪನ ಫೋನೊಂದೇ. ಅದರಲ್ಲೂ ಶುಭೋದಯ ತುಂಬಿ ಜಾಗವಿಲ್ಲ.