ಉಪ್ಪಿನ ಒಪ್ಪಂದ, ಉಳ್ಳಾಗಡ್ಡಿಯ ಬಂದ್

ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತೆಂದರೆ ನಮ್ಮಲ್ಲಿ ಅಭಿನಂದನೆಯ ಫ್ಲೆಕ್ಸ್ ಏಳಲು ತಡವಾಗುವುದಿಲ್ಲ. ಅಮರಗೋಳದ ಎಪಿಎಂಸಿಯಲ್ಲಿ ಚೀಲ ಇಳಿಸುವ ರೈತ ಮಾತ್ರ, ‘ಅದೆಲ್ಲಾ ಇರಲಿ, ಇವತ್ತ ರೇಟ್ ಏನೈತ್ರಿ?’ ಎನ್ನುತ್ತಾನೆ. ದೂರದೃಷ್ಟಿ ಸಾಲದು. ಅಂಥವನಿಗೆ ಪಕ್ಕದ ಗೋವೆಯ ಯಶೋಗಾಥೆ ಹೇಳಬೇಕು.

1878ರ ಡಿಸೆಂಬರಿನಲ್ಲಿ ಬ್ರಿಟನ್ನೂ ಪೋರ್ಚುಗಲ್ಲೂ ಲಿಸ್ಬನ್ನಿನಲ್ಲಿ ಕೂತು ಗೋವೆಯ ಹಣೆಬರಹ ಬರೆದವು. ಉಪ್ಪಿನ ಆಗರದವರನ್ನು ಕೇಳುವ ತೊಂದರೆ ಯಾರೂ ತೆಗೆದುಕೊಂಡಂತಿಲ್ಲ. 1880ರಿಂದ 12 ವರ್ಷ ಗೋವೆಯು ಬ್ರಿಟಿಷ್ ಇಂಡಿಯಾದ ಸುಂಕದ ಒಕ್ಕೂಟದೊಳಗೆ. ಗಡಿಯ ಸುಂಕದ ಕಟ್ಟೆಗಳು ಮಾಯ! ಷರತ್ತು ತೀರಾ ಸಣ್ಣದು: ಗೋವೆ ಹೊರಗೆ ಮಾರುತ್ತಿದ್ದ ದೊಡ್ಡ ಸರಕುಗಳಲ್ಲೊಂದಾದ ಉಪ್ಪು ಬ್ರಿಟಿಷರ ಹಿಡಿತಕ್ಕೆ. ಎತ್ತಿನ ಬೆನ್ನೇರಿ ಘಟ್ಟ ಹತ್ತಿ ಧಾರವಾಡ ಸೀಮೆಗೆ ಬರುತ್ತಿದ್ದ ಆ ಅಗ್ಗದ ಉಪ್ಪು ಅವರ ಉಪ್ಪಿನ ಕರಕ್ಕೆ ಕಂಟಕವಾಗಿತ್ತಲ್ಲ. ಪರಿಹಾರವೆಂದು ವರ್ಷಕ್ಕೆ 4 ಲಕ್ಷ ರೂಪಾಯಿ ಹೋಯಿತು, ಪೋರ್ಚುಗೀಸ್ ಸರಕಾರದ ಖಜಾನೆಗೆ. ಆಗರದವನ ಪಾಲಿಗೆ ಮುಕ್ತ ವ್ಯಾಪಾರದ ತತ್ತ್ವ ಬಂತು. ಗಂಜಿಗೆ ಹಾಕಿಕೊಂಡರೆ ಅದಕ್ಕೆ ರುಚಿಯಿಲ್ಲ, ಅಷ್ಟೇ.

 

ಇರಲಿ, ಉಪ್ಪು ಹೋದರೂ ಅದೇ ಒಪ್ಪಂದದಿಂದ ರೈಲು ಬಂತು. ಮುರಗಾಂವ ಬಂದರಿನಿಂದ ಕ್ಯಾಸಲ್‌ರಾಕ್, ಅಲ್ಲಿಂದ ಲೋಂಡಾ, ಧಾರವಾಡ, ಹುಬ್ಬಳ್ಳಿ. ಗೋವೆಯ ಹಳಿ ಲಂಡನ್ನಿನ ಕಂಪನಿಯದು, ಬಡ್ಡಿಗೆ ಜಾಮೀನು ಪೋರ್ಚುಗಲ್ ಸರಕಾರದ್ದು, ಏರಿದ ಹತ್ತಿ ನಮ್ಮದು. ಗೋವೆಗೆ ಸಿಕ್ಕಿದ್ದು ಗಾಡಿ ಹಾದುಹೋಗುವ ಸಪ್ಪಳ. ನಾವಂತೂ ಧಾರವಾಡಕ್ಕೆ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ, ಹುಬ್ಬಳ್ಳಿಗೆ ವರ್ಕ್‌ಶಾಪು ಬಂತೆಂದು ಬೀಗಿದೆವು. ನಮ್ಮ ಹತ್ತಿಯಿಂದಲೇ ಮೆರೆದ ಕುಮಟೆ ಬಂದರು ಅತ್ತ ಸೊರಗಿತು. ಪ್ರಗತಿಯ ಖಾತೆಯಲ್ಲಿ ಅಂಥದ್ದನ್ನು ಬರೆಯುವ ಪದ್ಧತಿಯಿಲ್ಲ. 1892ರಲ್ಲಿ ಒಪ್ಪಂದದ ಅವಧಿ ಮುಗಿಯಿತು, ಮುಂದುವರಿಯಲಿಲ್ಲ. ಗಡಿಯಲ್ಲಿ ಸುಂಕದವರು ಮತ್ತೆ ಪೆಟ್ಟಿಗೆ ಬಿಚ್ಚಿಸತೊಡಗಿದರು.

ನಾವೀಗ ಯಾರ ವಸಾಹತೂ ಅಲ್ಲ, ಸ್ವತಂತ್ರರು. 2022ರ ಮೇ 1ರಿಂದ ಯುಎಇ ಜೊತೆಗಿನ ಒಪ್ಪಂದ ಜಾರಿಯಲ್ಲಿದೆ. ದುಬೈನವನು ಬಾಗಿಲು ತೆರೆದು ನಿಂತಿದ್ದಾಗಲೇ, 2023ರ ಡಿಸೆಂಬರಿನಲ್ಲಿ, ದಿಲ್ಲಿ ಒಳಗಿನಿಂದ ಚಿಲಕ ಹಾಕಿತು: ಉಳ್ಳಾಗಡ್ಡಿ ರಫ್ತು ಬಂದ್. 2024ರ ಏಪ್ರಿಲ್‌ನಲ್ಲಿ ಗುಜರಾತಿನ ಬಿಳಿ ಉಳ್ಳಾಗಡ್ಡಿಗೆ, 2,000 ಟನ್ನಿನಷ್ಟು, ದಾರಿ ಬಿಟ್ಟರು. ನಮ್ಮದು ಕೆಂಪಾಗಿ ಹುಟ್ಟಿದ್ದೇ ತಪ್ಪು. ಮೇ 4ಕ್ಕೆ ನಿಷೇಧ ತೆಗೆದರು, ಆದರೆ ಟನ್ನಿಗೆ ಕನಿಷ್ಠ 550 ಡಾಲರ್ ಬೆಲೆ, ಮೇಲೆ ಶೇ 40 ಸುಂಕ. ಅದು ಪೂರ್ತಿ ಇಳಿದದ್ದು 2025ರ ಏಪ್ರಿಲ್ 1ಕ್ಕೆ. ಮುಂಗಾರಿನ ಉಳ್ಳಾಗಡ್ಡಿ ಅಷ್ಟು ದಿನ ತಡೆದೀತೆ? ಅದು ಯಾವಾಗಲೋ ಬಂದ ಬೆಲೆಗೆ ಹೋಗಿಯಾಗಿತ್ತು.

2025ರ ಜುಲೈ 24ರಂದು ಮತ್ತೆ ಬ್ರಿಟನ್ ಜೊತೆಗೇ ಸಹಿ ಬಿದ್ದಿದೆ. ದಿಲ್ಲಿಯವರಲ್ಲಿ ಈ ಕಡೆಯದೊಂದು ಅರ್ಜಿ: ಪರದೇಶದವರಿಗೆ ಬರೆದುಕೊಡುವ ಭರವಸೆಗಳ ಜೊತೆ ನಮಗೂ ಒಂದು ಕಲಮು ಬರೆದುಕೊಡಿ. ರಫ್ತು ನಿಲ್ಲಿಸುವುದಿದ್ದರೆ ಬಿತ್ತುವ ಮೊದಲೇ ಹೇಳಿಬಿಡಿ.