ಅಂಗೈ ಪ್ರಜಾಪ್ರಭುತ್ವ ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವಾಗ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಪ್ರಾಚೀನರ ಸಂಪ್ರದಾಯವಾಗಿರುವುದರಿಂದಲೂ, ಇಂದಿನ ವಿಶ್ವವಿದ್ಯಾಲಯಗಳಲ್ಲಿ ಅದನ್ನೇ 'ಅಧ್ಯಯನದ ವ್ಯಾಪ್ತಿ ಮತ್ತು ಮಿತಿಗಳು' ಎಂದು ಕರೆದು ಮೊದಲ ಅಧ್ಯಾಯವನ್ನು ಹೇಗೋ ತುಂಬಿಸುವುದು ರೂಢಿಯಾಗಿರುವುದರಿಂದಲೂ, ನಾವು ಆ ಮರ್ಯಾದೆಯನ್ನು ಮೀರುವಂತಿಲ್ಲ. ಪ್ರಸ್ತುತ ಪ್ರಬಂಧದ ವಿಷಯ, ಸ್ವತಂತ್ರ ಭಾರತದ ನಾಗರಿಕನು ವಾಟ್ಸಾಪ್ ಗ್ರೂಪೆಂಬ ಸಭಾಮಂಟಪದಲ್ಲಿ ಆಸೀನನಾಗಿ, ಕಾಫಿಗೆ ಮೊದಲು ವಿದೇಶಾಂಗ ನೀತಿಯನ್ನೂ, ಕಾಫಿಯಾದ ಮೇಲೆ ಮುಂಗಡಪತ್ರವನ್ನೂ, ಸ್ನಾನಕ್ಕೆ ಏಳುವ ಮುನ್ನ ಸರ್ವೋಚ್ಚ ನ್ಯಾಯಾಲಯವನ್ನೂ ತಿದ್ದಿ ಮುಗಿಸುವ ಕ್ರಮ. ಪ್ರಯೋಜನವು ಸದ್ಯಕ್ಕೆ ಗೋಚರಿಸದು. ಸಂಬಂಧವೆಂದರೆ ಈ ಚರ್ಚೆಗೂ ರಾಜ್ಯಾಡಳಿತಕ್ಕೂ ಇರಬಹುದಾದ ನಂಟು. ಅದಿನ್ನೂ ಸಂಶೋಧನೆಯ ಹಂತದಲ್ಲಿದೆ. ಅಧಿಕಾರಿಯಾದರೋ, ಅಡ್ಮಿನ್ ಮಹಾಶಯರಿಂದ ಇನ್ನೂ ಹೊರದೂಡಲ್ಪಡದ ಯಾವನಾದರೂ ಆಗಬಹುದು.

ನಮ್ಮ ಅಧ್ಯಯನಕ್ಷೇತ್ರವು ಬೆಂಗಳೂರಿನ ದಕ್ಷಿಣ ಭಾಗದ ಒಂದು ಬಡಾವಣೆಯ ನಿವಾಸಿಗಳ ಗ್ರೂಪು. ನೀರು, ಕಸ, ಬೀದಿದೀಪ, ಬೀದಿನಾಯಿ ಎಂಬ ನಾಲ್ಕು ಪುರುಷಾರ್ಥಗಳ ಸಾಧನೆಗಾಗಿ ಸ್ಥಾಪಿತವಾದ ಈ ಸಂಸ್ಥೆಯು ಸ್ವಲ್ಪಕಾಲದಲ್ಲಿಯೇ ಆ ಕ್ಷುದ್ರ ವ್ಯವಹಾರಗಳನ್ನು ಅತಿಕ್ರಮಿಸಿ, ಸಮಸ್ತ ಭೂಮಂಡಲದ ಯೋಗಕ್ಷೇಮವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಿತು.

ಪೂರ್ವಸೂರಿಗಳ ಪೈಕಿ ನ್ಯಾಯಸೂತ್ರಕಾರನಾದ ಗೌತಮನನ್ನು ಮೊದಲು ಸ್ಮರಿಸಬೇಕು. ಆತನ ಮತದಲ್ಲಿ ಸಂವಾದವು ಮೂರು ವಿಧ: ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆಯುವುದು ವಾದ, ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ, ತನ್ನದೆಂಬ ಪಕ್ಷವೊಂದೂ ಇಲ್ಲದೆ ಎದುರಾಳಿಯದನ್ನು ಕೆಡಹುವುದೇ ಗುರಿಯಾದದ್ದು ವಿತಂಡ. ಇಷ್ಟಕ್ಕೆ ನಿಲ್ಲದೆ ಆತನು ಸೋಲನ್ನು ನಿರ್ಣಯಿಸುವ ಇಪ್ಪತ್ತೆರಡು ನಿಗ್ರಹಸ್ಥಾನಗಳನ್ನೂ ಎಣಿಸಿಟ್ಟನು. ಪಾಪ, ಸೋಲೆಂಬುದೊಂದು ಉಂಟೆಂದೂ, ಸೋತವನು ಅದನ್ನು ಒಪ್ಪಿ ಸುಮ್ಮನಾಗುವನೆಂದೂ ಆ ಮಹರ್ಷಿಯು ನಂಬಿದ್ದನು. ನಮ್ಮ ಗ್ರೂಪಿನ ಇತಿಹಾಸದಲ್ಲಿ ಸೋತವನೊಬ್ಬನೂ ದಾಖಲಾಗಿಲ್ಲ. 'ಲೆಫ್ಟ್' ಆದವರುಂಟು, ಅವರು ಮೂರನೆಯ ದಿನ ಬೇರೊಬ್ಬರ ಮೂಲಕ ಪುನಃ ಸೇರ್ಪಡೆಯಾಗಿ, ಬಿಟ್ಟ ವಾಕ್ಯದಿಂದಲೇ ಮುಂದುವರಿಸಿದ್ದೂ ಉಂಟು. ಮಧ್ಯಸ್ಥನೆನಿಸಿದ ಅಡ್ಮಿನ್ 'ದಯವಿಟ್ಟು ಗ್ರೂಪಿನಲ್ಲಿ ಪಾಲಿಟಿಕ್ಸ್ ಬೇಡ' ಎಂದು ಕೈಮುಗಿದ ಚಿತ್ರದೊಡನೆ ಅಪ್ಪಣೆ ಕೊಡಿಸಿ, ಅದರ ಬೆನ್ನಿಗೇ ತಮ್ಮ ಮೆಚ್ಚಿನ ನಾಯಕರ ಭಾಷಣದ ತುಣುಕನ್ನು ತಾವೇ ಹಾಕುತ್ತಾರೆ.

ಇನ್ನು ಪ್ರಮಾಣವಿಚಾರ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ. ನಮ್ಮ ಬಡಾವಣೆಯ ಪಂಡಿತರು ಈ ನಾಲ್ಕನ್ನೂ ಗೌರವಪೂರ್ವಕವಾಗಿ ಬದಿಗಿರಿಸಿ ಐದನೆಯದೊಂದನ್ನು ಅಂಗೀಕರಿಸಿದ್ದಾರೆ. ಅದೇ ಫಾರ್ವರ್ಡ್ ಪ್ರಮಾಣ. ವೇದವು ಅಪೌರುಷೇಯ, ಕರ್ತೃವಿಲ್ಲದ್ದರಿಂದಲೇ ಕರ್ತೃದೋಷವೂ ಇಲ್ಲ ಎಂದು ಮೀಮಾಂಸಕರು ಸಾಧಿಸಿದರಷ್ಟೆ. ಫಾರ್ವರ್ಡಿಗೂ ಕರ್ತೃವಿಲ್ಲ, ಆದುದರಿಂದ ದೋಷವೂ ಇಲ್ಲ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೋ ಸಂಸ್ಥೆಯು ಜಗತ್ತಿನ ಸರ್ವಶ್ರೇಷ್ಠ ಗೀತೆಯೆಂದು ಸಾರಿದ ವಾರ್ತೆಯು, ಅಂಥದೇನನ್ನೂ ತಾನು ಸಾರಿಲ್ಲವೆಂದು ಆ ಸಂಸ್ಥೆಯೇ ಹೇಳಿದ ಎಷ್ಟೋ ವರ್ಷಗಳ ಮೇಲೂ, ಪ್ರತಿ ಆಗಸ್ಟಿನಲ್ಲಿ ನಿತ್ಯನೂತನವಾಗಿ ಅವತರಿಸುತ್ತದೆ. 2016ರ ನವೆಂಬರಿನಲ್ಲಿ ಎರಡು ಸಾವಿರ ರೂಪಾಯಿಯ ಹೊಸ ನೋಟಿನೊಳಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಚಿಪ್ಪಿದೆಯೆಂದು ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರೇ ನಮಗೆ ತಿಳಿಸಿದ್ದರು. 2023ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಆ ನೋಟನ್ನೇ ಚಲಾವಣೆಯಿಂದ ಹಿಂದಕ್ಕೆ ಪಡೆಯತೊಡಗಿತು. ಚಿಪ್ಪಿನ ಗತಿ ಏನಾಯಿತೆಂದು ಯಾರೂ ವಿಚಾರಿಸಲಿಲ್ಲ.

2018ರ ಜುಲೈ ತಿಂಗಳಲ್ಲಿ ವಾಟ್ಸಾಪ್ ಕಂಪನಿಯು ಇಂಥ ಸಂದೇಶಗಳ ನೆತ್ತಿಯ ಮೇಲೆ 'ಫಾರ್ವರ್ಡೆಡ್' ಎಂಬ ಚೀಟಿಯನ್ನು ಅಂಟಿಸಿತು. ತರುವಾಯ, ಬಹಳ ಕೈ ದಾಟಿ ಬಂದದ್ದಕ್ಕೆ ಜೋಡಿ ಬಾಣದ ಗುರುತನ್ನು ಇಟ್ಟಿತು. ಕಂಪನಿಯು ಎಚ್ಚರಿಕೆಗಾಗಿ ಇಟ್ಟದ್ದನ್ನು ನಮ್ಮವರು ಯೋಗ್ಯತಾಪತ್ರವೆಂದು ಭಾವಿಸಿದರು. 'ಇಷ್ಟು ಜನ ಕಳಿಸಿದ್ದಾರೆಂದ ಮೇಲೆ ಏನೋ ಇರಲೇಬೇಕಲ್ಲ ಸಾರ್' ಎಂಬುದು ಅವರ ವ್ಯಾಪ್ತಿವಾಕ್ಯ.

ಇಲ್ಲಿ ಪ್ರಬಂಧಕಾರನು ಪರಿಭಾಷೆಯನ್ನು ಕೆಲಹೊತ್ತು ಕೆಳಗಿಡಬೇಕಾಗಿದೆ. ಅದೇ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ, ಗೆಳೆಯರ ಊರಿಗೆಂದು ಬಂದಿದ್ದ ಹೈದರಾಬಾದಿನ ತರುಣ ಎಂಜಿನಿಯರನೊಬ್ಬನನ್ನು ಜನರು ಹೊಡೆದು ಕೊಂದರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ನೆಪವಾಗಿತ್ತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ, ಕಾರು ತಪ್ಪಿಸಿಕೊಂಡು ಹೊರಟ ಸುದ್ದಿ, ಎರಡೂ ಕಾರಿಗಿಂತ ವೇಗವಾಗಿ ಮುಂದಿನ ಹಳ್ಳಿಯನ್ನು ಮುಟ್ಟಿದ್ದು ಈ ಅಪೌರುಷೇಯ ಮಾರ್ಗದಿಂದಲೇ. ಆ ಸಂದೇಶವನ್ನು ಒತ್ತಿ ಕಳಿಸಿದ ಬೆರಳುಗಳೆಲ್ಲ ಕ್ರೂರಿಗಳವಲ್ಲ. 'ನಮಗೇಕೆ, ಇರಲಿ, ಒಂದು ಮಾತು ತಿಳಿಸಿಬಿಡೋಣ' ಎಂದ ಸಾಧುಗಳವೂ ಅವುಗಳಲ್ಲಿ ಇದ್ದಿರಬೇಕು. ಗೌತಮನ ಐದು ಹೇತ್ವಾಭಾಸಗಳಲ್ಲಿ, ಎಂದರೆ ಹುಸಿ ಕಾರಣಗಳಲ್ಲಿ, ಈ 'ಇರಲಿ' ಸೇರಿಲ್ಲ.

ಪ್ರಕೃತಕ್ಕೆ ಬರೋಣ. ವಾದಿಗಳನ್ನು ಸಪ್ತವಿಧವಾಗಿ ವಿಂಗಡಿಸಬಹುದು. ಪ್ರಥಮನು ಪ್ರಭಾತಶುಭಾಶಯಿ: ಗುಲಾಬಿ ಹೂವಿನ ಚಿತ್ರದಡಿಯಲ್ಲಿ ವಿವೇಕಾನಂದರು ಎಂದೂ ಆಡಿರದ ಮಾತನ್ನು ವಿವೇಕಾನಂದರ ಹೆಸರಿನಲ್ಲಿ ಪ್ರಕಟಿಸಿ ದಿನಚರಿಯನ್ನು ಉದ್ಘಾಟಿಸುವವನು. ದ್ವಿತೀಯನು ತದಾಕ್ವವಾದಿ, ಎಂದರೆ 'ಆಗ ನೀವು ಎಲ್ಲಿದ್ದಿರಿ' ಎಂಬ ಒಂದೇ ಅಸ್ತ್ರದಿಂದ ಜಗಜ್ಜಟ್ಟಿಯಾದವನು. ರಸ್ತೆಗುಂಡಿಯ ಮಾತೆತ್ತಿದ ಕಾಲೇಜು ಹುಡುಗನನ್ನು ಈತನು '1975ರಲ್ಲಿ ತುರ್ತು ಪರಿಸ್ಥಿತಿ ಹೇರಿದಾಗ ಎಲ್ಲಿದ್ದೆಯಪ್ಪ?' ಎಂದು ಗದರಿಸಿದನು. ಆ ಹುಡುಗನ ತಾಯಿಯೇ ಆಗಿನ್ನೂ ಹುಟ್ಟಿರಲಿಲ್ಲ. ತೃತೀಯನು ಡಲ್ಲಾಸ್ ನಗರದ ಅನಿವಾಸಿ ಕನ್ನಡಿಗ: ನಮಗೆ ನಿದ್ದೆಯ ಹೊತ್ತಿನಲ್ಲಿ ಈತನಿಗೆ ದೇಶಭಕ್ತಿ ಉಕ್ಕುವುದರಿಂದ, ಬೆಳಗಾಗುವಷ್ಟರಲ್ಲಿ ರಾಷ್ಟ್ರಕ್ಕೆ ಶಿಸ್ತನ್ನು ವಿಧಿಸಿ ಮುಗಿಸಿರುತ್ತಾನೆ. ಚತುರ್ಥನು ಮೌನದರ್ಶಿ, ಎರಡು ನೀಲಿ ಗೀಟುಗಳ ಹೊರತು ಈತನ ಅಸ್ತಿತ್ವಕ್ಕೆ ಸಾಕ್ಷ್ಯವಿಲ್ಲ. ಪಂಚಮನಿಂದ ಸಪ್ತಮನವರೆಗೆ ಬರೆಯುವ ಉತ್ಸಾಹ ಪ್ರಬಂಧಕಾರನಲ್ಲಿ ಉಳಿದಿಲ್ಲ. ಕಣ್ಣಿಟ್ಟು ನೋಡಿದರೆ ಏಳೂ ಒಂದೇ: ಓದುವ ಮೊದಲೇ ಉತ್ತರ ಬರೆಯುವವನು.

2023ರ ಜೂನ್ 11ರಂದು ಕರ್ನಾಟಕ ಸರ್ಕಾರವು ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆಯನ್ನು ಆರಂಭಿಸಿದಾಗ ನಮ್ಮ ಗ್ರೂಪಿನಲ್ಲಿ ಆದ ಮಹಾವಾದವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 'ಬಿಟ್ಟಿ ಭಾಗ್ಯ', 'ನಮ್ಮ ಟ್ಯಾಕ್ಸ್ ದುಡ್ಡು', 'ಗಂಜಿ ಗಿರಾಕಿ' ಮುಂತಾದ ಪಾರಿಭಾಷಿಕ ಪದಗಳು ವರ್ಷಿಸಿದವು. ಯೋಜನೆಯನ್ನು ಪ್ರಶ್ನಿಸಬಾರದೆಂದಲ್ಲ. ಸಾರಿಗೆ ನಿಗಮಗಳಿಗೆ ಸರ್ಕಾರ ತುಂಬಿಕೊಡಬೇಕಾದ ಹಣ ಸಕಾಲಕ್ಕೆ ಬರುವುದೇ, ಬಸ್ಸುಗಳ ಸಂಖ್ಯೆ ಸಾಕೇ, ಉಳಿದ ಕಾಮಗಾರಿಗಳಿಗೆ ಬೊಕ್ಕಸದಲ್ಲಿ ಏನು ಉಳಿಯುವುದು ಎಂಬ ಪ್ರಶ್ನೆಗಳು ಯಾವ ಶಾಸನಸಭೆಗೂ ಭೂಷಣವಾದವು. ಆದರೆ ಅವನ್ನು ಯಾರೂ ಕೇಳಲಿಲ್ಲ. ಸೋಫಾದ ಮೇಲೆ ಕಾಲು ಮಡಚಿ ಕುಳಿತು 'ಇವರಿಗೆಲ್ಲ ದುಡಿದು ತಿನ್ನುವ ಅಭ್ಯಾಸವೇ ತಪ್ಪಿಹೋಯಿತು' ಎಂದು ಒಬ್ಬ ಮಹನೀಯರು ಬೆರಳಾಡಿಸುತ್ತಿದ್ದಾಗ, ಅವರು ಮಡಚಿದ ಕಾಲಿನ ಕೆಳಗಿನ ನೆಲವನ್ನು ಒರೆಸುತ್ತಿದ್ದಾಕೆಯು ಆ ಬೆಳಗ್ಗೆ ಎರಡು ಬಸ್ಸು ಬದಲಿಸಿ ಬಂದವಳು. ತಾನು ಕೊಳ್ಳುವ ಸೋಪಿಗೆ ಆಕೆಯೂ ತೆರಿಗೆ ಕಟ್ಟುತ್ತಾಳೆ. ಆಕೆಯನ್ನು ಕುರಿತು ಹಗಲೆಲ್ಲ ನಡೆದ ಆ ಸಂವಾದದಲ್ಲಿ ಆಕೆಯ ಮಾತು ಒಂದೂ ಇಲ್ಲ; ಆಕೆಯ ನಂಬರು ಗ್ರೂಪಿನಲ್ಲಿಲ್ಲ, ಬರದ ದಿನ ಫೋನು ಮಾಡುವುದಕ್ಕೆಂದು ಮಾತ್ರ ಎಲ್ಲರ ಬಳಿಯೂ ಇದೆ.

ಇದೇ ಮಹಾವಾದದ ನಡುಮಧ್ಯದಲ್ಲಿ, ಮೂರನೆಯ ಅಡ್ಡರಸ್ತೆಯ ಒಬ್ಬ ಗೃಹಿಣಿಯು 'ನಮ್ಮ ಕಡೆ ನಾಲ್ಕು ದಿನದಿಂದ ಕಾವೇರಿ ನೀರು ಬಂದಿಲ್ಲ, ವಾಲ್ವ್‌ಮನ್ ನಂಬರ್ ಯಾರ ಹತ್ತಿರವಾದ್ರೂ ಇದೆಯಾ?' ಎಂದು ಕೇಳಿದರು. ಎರಡು ಹೆಬ್ಬೆರಳುಗಳೂ ಒಂದು ಕೈಮುಗಿದ ಚಿತ್ರವೂ ಬಂದವು. ಆಮೇಲೆ ಒಬ್ಬರು ತಾಳ್ಮೆಯಿಂದ ತಿಳಿಹೇಳಿದರು: 'ಮೇಡಂ, ಇಲ್ಲಿ ದೇಶದ ವಿಷಯ ನಡೀತಾ ಇದೆ.' ಆಕೆ ಟ್ಯಾಂಕರು ತರಿಸಿಕೊಂಡರು.

ಆ ನೀರಿನ ವಿಚಾರವನ್ನು ಆಕೆ ಕೇಳಬೇಕಾಗಿದ್ದುದು ಗ್ರೂಪನ್ನಲ್ಲ, ತಮ್ಮ ವಾರ್ಡಿನ ಕಾರ್ಪೊರೇಟರನ್ನು. ಅಂಥವನೊಬ್ಬನು ಆಗ ಇರಲಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳಿಗೆ 2015ರ ಆಗಸ್ಟಿನಲ್ಲಿ ಆರಿಸಿಬಂದವರ ಅವಧಿಯು 2020ರ ಸೆಪ್ಟೆಂಬರಿಗೆ ತೀರಿತು. ಐದು ವರ್ಷ ತುಂಬುವ ಮೊದಲೇ ಹೊಸ ಚುನಾವಣೆ ನಡೆಯಬೇಕೆಂಬುದು 74ನೆಯ ತಿದ್ದುಪಡಿಯ ಅನಂತರದ ಸಂವಿಧಾನದ ಆಜ್ಞೆ. ವಾರ್ಡುಗಳ ಗಡಿ, ಮೀಸಲಾತಿಯ ಪಟ್ಟಿ, ಹೊಸ ಕಾಯಿದೆ ಎಂದು ಒಂದಾದ ಮೇಲೊಂದು ಕಾರಣ ಬೆಳೆಯುತ್ತ ಹೋಯಿತು. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದುಹೋದವು. 2025ರಲ್ಲಿ ಪಾಲಿಕೆಯನ್ನೇ ಐದು ಹೋಳು ಮಾಡಿದರು. ಚುನಾಯಿತ ಸಭೆಯಿಲ್ಲದೆಯೇ ನಗರವು ಮತ್ತೊಂದು ಪೂರ್ಣಾವಧಿಯನ್ನು ಕಳೆಯಿತು. ಜಿಲ್ಲಾ ಪಂಚಾಯತಿ, ತಾಲ್ಲೂಕು ಪಂಚಾಯತಿಗಳ ಕಥೆಯೂ ಬೇರೆಯಲ್ಲ: 2021ರಲ್ಲಿ ಅವಧಿ ಮುಗಿದವು ವರ್ಷಗಟ್ಟಲೆ ಬರಿದಾಗಿಯೇ ಉಳಿದವು. ಸಚಿವರಾಗಿದ್ದ ನಜೀರ್ ಸಾಬರು ಕಟ್ಟಿದ ಪಂಚಾಯತಿ ವ್ಯವಸ್ಥೆಗೆ 1987ರಲ್ಲಿ ಚುನಾವಣೆ ನಡೆಸಿ ದೇಶಕ್ಕೆಲ್ಲ ದಾರಿ ತೋರಿಸಿದ ರಾಜ್ಯವಿದು. ಪ್ರಜಾಪ್ರಭುತ್ವ ಸತ್ತಿತೋ ಬದುಕಿದೆಯೋ ಎಂದು ನಮ್ಮ ಗ್ರೂಪಿನಲ್ಲಿ ಪ್ರತಿನಿತ್ಯ ಪಂಚನಾಮೆಯಾಗುತ್ತಿದ್ದ ಅಷ್ಟು ವರ್ಷವೂ, ತಮ್ಮ ಓಣಿಯಲ್ಲಿ ಅದು ಕಾಣೆಯಾದದ್ದನ್ನು ಬಲಪಕ್ಷದವರೂ ಗಮನಿಸಲಿಲ್ಲ, ಎಡಪಕ್ಷದವರೂ ಗಮನಿಸಲಿಲ್ಲ. ಇಷ್ಟು ದಿನ ನಗುತ್ತ ಓದಿದ ಸಂದೇಶಗಳನ್ನು ಈಗ ಓದಿದರೆ ನನಗೆ ಹೊಟ್ಟೆಯಲ್ಲಿ ಬೆಂಕಿಯಿಟ್ಟಂತಾಗುತ್ತದೆ.

ಈ ನಾಡಿಗೆ ಬೇರೆ ಬಗೆಯ ಸಭೆಯೂ ಗೊತ್ತಿತ್ತು. 1881ರಲ್ಲಿ, ರಂಗಾಚಾರ್ಲು ದಿವಾನರಾಗಿದ್ದಾಗ, ದಸರೆಯ ವೇಳೆಗೆ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿ ಸೇರಿತು. ಬಂದವರು 144 ಮಂದಿ. ಅವರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಅಹವಾಲು ಹೇಳಿಕೊಳ್ಳಬಹುದಾಗಿತ್ತು, ಅಷ್ಟೆ. ಆದರೂ ಕೆರೆಯ ಏರಿ, ಕಂದಾಯ, ರಸ್ತೆ ಎಂದು ತಮ್ಮ ತಮ್ಮ ಸೀಮೆಯ ಕಷ್ಟವನ್ನು ಕಟ್ಟಿಕೊಂಡು ಬರುವ ಸಭೆಯಾಗಿ ಅದು ಬೆಳೆಯಿತು, ಮತ್ತು ಕೇಳುವುದಕ್ಕೆ ಎದುರಿಗೆ ದಿವಾನರು ಕುಳಿತಿರುತ್ತಿದ್ದರು. ಪ್ರಜೆಗೆ ಸಾರ್ವಜನಿಕ ವ್ಯವಹಾರದ ತಿಳಿವಳಿಕೆಯಿಲ್ಲದೆ ಪ್ರಜಾರಾಜ್ಯ ನಡೆಯದೆಂದು ಕಂಡ ಡಿ.ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದೂ ನಮ್ಮ ಬೆಂಗಳೂರಿನಲ್ಲಿಯೇ. ಆ ಸಂಸ್ಥೆಯ ಕಟ್ಟಡದ ಮುಂದೆ ಹಾದುಹೋಗುವ ಆಟೋದಲ್ಲಿ ಕುಳಿತು ನಮ್ಮ ಗ್ರೂಪಿನ ಸದಸ್ಯರು ಸಂವಿಧಾನವನ್ನು ತಿದ್ದುತ್ತಾರೆ.

ಅಡ್ಮಿನ್ ಮಹಾಶಯರಲ್ಲಿ ಒಂದು ವಿಜ್ಞಾಪನೆ: ಮುಂದಿನ ಪ್ರಭಾತದಲ್ಲಿ ಗುಲಾಬಿಯ ಬದಲು, ನಿಮ್ಮ ವಾರ್ಡು ಯಾವುದು ಎಂಬ ಪ್ರಶ್ನೆಯೊಂದನ್ನು ಹಾಕಿ ನೋಡಿರಿ, ಎಷ್ಟು ಉತ್ತರ ಬಂದವೆಂಬುದನ್ನು ನನಗೆ ಖಾಸಗಿಯಾಗಿ ತಿಳಿಸಿದರೆ ಸಾಕು. 2015ರ ಪಾಲಿಕೆ ಚುನಾವಣೆಯಲ್ಲಿ ಬೆಂಗಳೂರಿನ ಮತದಾರರ ಪೈಕಿ ಮತಗಟ್ಟೆಗೆ ಹೋದವರು ಅರ್ಧಕ್ಕಿಂತ ಕಡಮೆ.