ತಣ್ಣೀರುಬಾವಿ ತರಣ ನಿರ್ಣಯ

ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯಿಂದ ಹೊರಟು, ಧರ್ಮಸ್ಥಳದಲ್ಲಿ ಮಂಜುನಾಥನ ದರ್ಶನವನ್ನೂ ಕುಕ್ಕೆಯಲ್ಲಿ ಸುಬ್ರಹ್ಮಣ್ಯನ ಸೇವೆಯನ್ನೂ ತೀರಿಸಿಕೊಂಡು, ಇಷ್ಟು ದೂರ ಬಂದಮೇಲೆ ಸಮುದ್ರವನ್ನೂ ನೋಡಿಯೇಬಿಡೋಣವೆಂಬ ಸಾಮೂಹಿಕ ಚಾಪಲ್ಯಕ್ಕೆ ವಶನಾಗಿ ಮಂಗಳೂರನ್ನು ಸೇರಿ, ಬೋಳೂರಿನ ಸುಲ್ತಾನ್ ಬತ್ತೇರಿಯ ಕಡವಿನಲ್ಲಿ ಯಂತ್ರದೋಣಿಯನ್ನೇರಿ, ಗುರುಪುರ ಹೊಳೆಯನ್ನು ದಾಟಿ, ತಣ್ಣೀರುಬಾವಿಯ ಮರಳದಂಡೆಯ ಮೇಲೆ ಇಳಿಯುವ ಯಾತ್ರಿಕನು ಮಾಡಿದ್ದು ನದೀತರಣವೋ ಸಮುದ್ರಯಾನವೋ ಎಂಬ ಪ್ರಶ್ನೆಯನ್ನು ಧರ್ಮಶಾಸ್ತ್ರಕಾರರಾಗಲಿ ಪ್ರವಾಸೋದ್ಯಮದವರಾಗಲಿ ಈವರೆಗೆ ಕೈಗೆತ್ತಿಕೊಂಡಂತೆ ತೋರುವುದಿಲ್ಲ. ಈ ಮಹಾನ್ಯೂನತೆಯನ್ನು ತುಂಬುವುದಕ್ಕಾಗಿಯೇ ಪ್ರಸ್ತುತ ಪ್ರಬಂಧವು ಪ್ರವೃತ್ತವಾಗಿದೆ. ದೋಣಿಯ ಪ್ರಯಾಣ ಕೆಲವೇ ನಿಮಿಷಗಳದು. ಪ್ರಬಂಧವು ಅದಕ್ಕಿಂತ ದೀರ್ಘವಾದೀತು. ಶಾಸ್ತ್ರದ ಸ್ವಭಾವವೇ ಅಂಥದು.

ಮೊದಲಿಗೆ ಪೂರ್ವಪಕ್ಷ. ಇದನ್ನು ನಾಗಮಂಗಲ ಪಕ್ಷವೆಂದು ಕರೆಯತಕ್ಕದ್ದು. ಏಕೆಂದರೆ ಕೆರೆ ತುಂಬಿದ ವರ್ಷಗಳನ್ನು ನೆನಪಿನಲ್ಲಿಟ್ಟುಕೊಂಡೇ ಕಾಲಗಣನೆ ಮಾಡುವ ಬೆದ್ದಲು ಸೀಮೆಯವರಿಗೆ, ಕಾಲಿಗೆ ನೆಲ ಸಿಕ್ಕದ ನೀರೆಲ್ಲವೂ ಸಮುದ್ರವೇ. ಅವರ ಕೈಯಲ್ಲಿರುವ ಪ್ರಮಾಣವಾದರೂ ಸಾಮಾನ್ಯವಾದುದಲ್ಲ. ಬೌಧಾಯನ ಧರ್ಮಸೂತ್ರವು ಮನುಷ್ಯನನ್ನು ಪತಿತನನ್ನಾಗಿಸುವ ಕರ್ಮಗಳನ್ನು ಹೇಳುವಾಗ ಸಮುದ್ರಸಂಯಾನವನ್ನೇ ಮೊದಲ ಸ್ಥಾನದಲ್ಲಿ ಕೂರಿಸಿ, ಜಮೀನಿನ ವಿಷಯದಲ್ಲಿ ಸುಳ್ಳು ನುಡಿಯುವುದನ್ನು ಅದಕ್ಕಿಂತ ಕೆಳಗೆ ಇರಿಸಿದೆ; ಈ ತಾರತಮ್ಯವು ನಮ್ಮ ಜಿಲ್ಲೆಯ ವ್ಯಾಜ್ಯಪ್ರಿಯರಿಗೆ ಎಷ್ಟು ಸಮಾಧಾನಕರವೋ ಪ್ರವಾಸಪ್ರಿಯರಿಗೆ ಅಷ್ಟೇ ಭಯಂಕರ. ಸಾಲದೆಂಬಂತೆ ಅದೇ ಸೂತ್ರಕಾರನು ಇನ್ನೊಂದೆಡೆ, ಸಮುದ್ರಕ್ಕೆ ಹೋಗುವುದು ಔತ್ತರೇಯರ ಆಚಾರವೆಂದೂ, ಒಂದು ದೇಶದ ಆಚಾರವನ್ನು ಇನ್ನೊಂದು ದೇಶದವರು ಆಚರಿಸಿದರೆ ದೋಷವೆಂದೂ ಹೇಳಿರುವುದರಿಂದ, ಎತ್ತ ಎಳೆದರೂ ದಕ್ಷಿಣಕ್ಕೇ ಬೀಳುವ ಮಾಕವಳ್ಳಿಗೆ ತಪ್ಪಿಸಿಕೊಳ್ಳಲು ಕಿಂಡಿಯಿಲ್ಲ.

ನಮ್ಮ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರೇ ಆದ ಎ. ಎನ್. ಮೂರ್ತಿರಾಯರು ಅಮೆರಿಕಾಕ್ಕೇ ಹೋಗಿಬಂದು ಯಾತ್ರಾಗ್ರಂಥವನ್ನೂ ಬರೆದರಲ್ಲ, ಶಿಷ್ಟಾಚಾರವು ಪ್ರಮಾಣವಲ್ಲವೆ ಎಂದು ಕೇಳುವವರುಂಟು. ಅವರು ಶಿಷ್ಟರೆಂಬುದು ನಿರ್ವಿವಾದ. ಆದರೆ ‘ದೇವರು’ ಎಂಬ ಗ್ರಂಥವನ್ನು ಬರೆದು ದೇವರನ್ನೇ ಸಂಶಯದ ಕಟಕಟೆಯಲ್ಲಿ ನಿಲ್ಲಿಸಿದವರನ್ನು ಪ್ರಾಯಶ್ಚಿತ್ತದ ವಿಷಯಕ್ಕೆ ಸಾಕ್ಷಿಯಾಗಿ ಕರೆತಂದರೆ ಲಾಭವಾಗುವುದು ಎದುರು ಪಕ್ಷಕ್ಕೆ. ಅವರನ್ನು ಗೌರವದಿಂದ ಬದಿಗಿರಿಸುತ್ತೇವೆ.

ಎರಡನೆಯದು ಶ್ರೀರಂಗಪಟ್ಟಣ ಪಕ್ಷ. ಕಾವೇರಿಯ ಕವಲುಗಳ ನಡುವೆ ಮನೆಮಾಡಿಕೊಂಡು, ಯಾವ ದಿಕ್ಕಿಗೆ ಹೊರಟರೂ ನೀರನ್ನು ದಾಟದೆ ಹೊರಹೋಗಲಾರದ ಈ ದ್ವೀಪವಾಸಿಗಳು, ದಾಟುವುದೇ ದೋಷವಾದರೆ ನಾವು ಹೆಣ್ಣು ತರುವುದೂ ಕೊಡುವುದೂ ದೋಷವಾದೀತೆಂದು ಆರಂಭಿಸಿ, ಕೊನೆಗೆ ಟಿಪ್ಪು ಸುಲ್ತಾನನನ್ನೇ ಸಾಕ್ಷಿಗೆ ಕರೆಯುತ್ತಾರೆ. 1784ರಲ್ಲಿ ಅವನು ಈ ಬತ್ತೇರಿಯನ್ನು ಕರಿಗಲ್ಲಿನಿಂದ ಕಟ್ಟಿಸಿದ್ದು ಶತ್ರುಗಳ ಯುದ್ಧನೌಕೆಗಳು ಹೊಳೆಯೊಳಕ್ಕೆ ನುಗ್ಗದಿರಲೆಂದು; ಹೊಳೆಯೆಂದು ಅವನೇ ಒಪ್ಪಿದ್ದನ್ನು ಸಮುದ್ರವೆನ್ನಲು ನಾಗಮಂಗಲದವರು ಯಾರು? ವಾದ ಚೆನ್ನಾಗಿದೆ. ಆದರೆ ಸಮುದ್ರದ ಹಡಗು ಸಲೀಸಾಗಿ ಬರಬಲ್ಲ ನೀರು ಸಮುದ್ರದ ಅಂಶವನ್ನು ಪಡೆದಿರಲೇಬೇಕಷ್ಟೆ ಎಂಬ ಪ್ರತಿವಾದವೂ ಅದರ ಹೊಟ್ಟೆಯಲ್ಲಿಯೇ ಇದೆ. ಮಂಗಳೂರಿನಲ್ಲಿ ಹಡಗಿಗೆ ಅಂಜಿ ಗೋಪುರ ಕಟ್ಟಿದ ಆ ಸುಲ್ತಾನನ ರಾಜಧಾನಿಗೆ ಅಪಾಯವು ಹಡಗಿನಲ್ಲಿ ಬರಲಿಲ್ಲ. 1799ರ ಮೇ 4ರಂದು, ಬೇಸಗೆಯಲ್ಲಿ ಇಳಿದಿದ್ದ ಕಾವೇರಿಯನ್ನು ಕಾಲ್ನಡಿಗೆಯಲ್ಲಿಯೇ ದಾಟಿ ಬಂದಿತು. ನೀರಿನ ವಿಷಯದಲ್ಲಿ ಋತುವನ್ನು ಗಣಿಸದ ನಿರ್ಣಯ ನಿಲ್ಲುವುದಿಲ್ಲವೆಂಬುದಕ್ಕೆ ಇದಕ್ಕಿಂತ ಗುರುತರವಾದ ದೃಷ್ಟಾಂತ ನಮಗೆ ಬೇಕಾಗಿಲ್ಲ. ಆಂಗ್ಲರ ನೌಕೆಗಾಗಿ ಕೊರೆದ ಕೋವಿಕಿಂಡಿಗಳ ನೇರಕ್ಕೆ ಈಗ ಬಂದು ನಿಲ್ಲುವವರು ಕಡ್ಲೆಪುರಿಯ ಚೀಲ ಹಿಡಿದ ನಮ್ಮವರು.

ಇನ್ನು ವಾಹನವಿಚಾರ. ನಮ್ಮ ಸೀಮೆಯಲ್ಲಿ ಹೊಳೆ ದಾಟಿಸುವ ಸಾಧನವೆಂದರೆ ಹರಿಗೋಲು: ಬಿದಿರ ಹೆಣಿಗೆಯದು, ಹಿಂದೆ ತೊಗಲ ಹೊದಿಕೆಯದು, ಈಗ ಡಾಂಬರು ಬಳಿದ ಪ್ಲಾಸ್ಟಿಕ್ ಚೀಲದ್ದು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡುವ ಅಂಬಿಗರಹಳ್ಳಿಯ ತ್ರಿವೇಣಿ ಸಂಗಮದ ಕಡೆಯವರನ್ನು ಕೇಳಿದರೆ ಈ ವೃತ್ತಾಕಾರದ ಮಹಿಮೆಯನ್ನು ಅವರು ವಿಸ್ತರಿಸಿಯಾರು. ವೃತ್ತಕ್ಕೆ ಮುಂದೆಂಬುದಿಲ್ಲ, ಹಿಂದೆಂಬುದಿಲ್ಲ. ಅದರಲ್ಲಿ ಕುಳಿತವನಿಗೆ ತಾನು ಹೊರಟ ದಡ, ತಲುಪಬೇಕಾದ ದಡ, ಮೇಲಿನ ಬೆಟ್ಟ, ಕೆಳಗಿನ ಕಟ್ಟೆ ಎಲ್ಲವೂ ಸರದಿಯಂತೆ ಕಾಣಿಸಿಕೊಂಡು, ಯಾವುದೂ ಸ್ಥಿರವಲ್ಲವೆಂಬ ಜ್ಞಾನವು ಖರ್ಚಿಲ್ಲದೆ ಉಂಟಾಗುತ್ತದೆ. ಸುಲ್ತಾನ್ ಬತ್ತೇರಿಯ ದೋಣಿಯಾದರೋ ಮೂತಿಯುಳ್ಳದ್ದು, ಬಾಲವುಳ್ಳದ್ದು, ಯಂತ್ರವುಳ್ಳದ್ದು. ಒಮ್ಮೆ ಗುಡುಗುಟ್ಟಿ ಹೊರಟಿತೆಂದರೆ ಎದುರು ದಡವನ್ನಲ್ಲದೆ ಬೇರೆ ಯಾವುದನ್ನೂ ಚಿಂತಿಸುವುದಿಲ್ಲ. ನಮ್ಮ ತಂಡದ ಹಿರಿಯಳೊಬ್ಬಳು ಹಲಗೆಯ ಮೇಲೆ ಕುಳಿತು ಬಹಳ ಹೊತ್ತು ಕಾದು, “ಅಲ್ಲ ಕಣಪ್ಪ, ಇದು ಸುತ್ತಾಕೇ ಇಲ್ವಾ?” ಎಂದು ದೋಣಿಯವನನ್ನು ಕೇಳಿದಳು. “ಸುತ್ತಿದ್ರೆ ಆಚೆ ಮುಟ್ಟುದು ಯಾವಾಗ ಅಜ್ಜಿ?” ಎಂದು ಅವನು ಉತ್ತರಿಸಿದನು. “ಮುಟ್ಟಾಕೆ ಏನವಸ್ರ?” ಎಂದಳು ಅವಳು. ಕರಾವಳಿಗೂ ಬಯಲುಸೀಮೆಗೂ ಇರುವ ದರ್ಶನಭೇದವನ್ನು ಕುರಿತು ಇದಕ್ಕಿಂತ ಸಂಕ್ಷಿಪ್ತವಾದ ಸಂವಾದವು ಯಾವ ಭಾಷ್ಯದಲ್ಲಿಯೂ ನಮಗೆ ದೊರೆತಿಲ್ಲ.

ಕಡವಿನ ಹಣದ ವಿಷಯದಲ್ಲಿ ಶಾಸ್ತ್ರವು ಸ್ಪಷ್ಟವಾಗಿದೆ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಹೊರೆಯುಳ್ಳ ಮನುಷ್ಯನಿಗೂ ಸಣ್ಣ ಪಶುವಿಗೂ ಒಂದು ಮಾಷಕ, ಹಸುವಿಗೂ ಕುದುರೆಗೂ ಎರಡು, ಒಂಟೆಗೂ ಎಮ್ಮೆಗೂ ನಾಲ್ಕು ಎಂದು ದರವನ್ನು ನಿಗದಿಮಾಡಿ, ಬಾಲರು, ವೃದ್ಧರು, ರೋಗಿಗಳು, ಗರ್ಭಿಣಿಯರು ಮೊದಲಾದವರನ್ನು ಬಿಟ್ಟಿಯಾಗಿ ದಾಟಿಸಬೇಕೆಂದು ವಿಧಿಸಿದ್ದಾನೆ. ಮಂಗಳೂರಿನ ಕಡವುಗಳಲ್ಲಿ ದೋಣಿಯೇರುವ ಸ್ಕೂಟರನ್ನು ಮಾತ್ರ ಅವನು ಹೆಸರಿಸಿಲ್ಲ. ಅದರ ಬಲವನ್ನು ಅಶ್ವಶಕ್ತಿಯಲ್ಲಿ ಅಳೆಯುವ ಕಾರಣ ಅಶ್ವವರ್ಗಕ್ಕೆ ಸೇರಿಸಿ ಎರಡು ಮಾಷಕ ವಿಧಿಸಬಹುದೆಂದು ನಮ್ಮ ಮತ. ಹಲವು ಅಶ್ವಗಳ ಶಕ್ತಿಯದೆಂದು ದೋಣಿಯವರು ಗುಣಾಕಾರಕ್ಕೆ ತೊಡಗದಿದ್ದರೆ ಸರಿ.

ಪ್ರಕೃತವನ್ನು ಅನುಸರಿಸೋಣ. ನೀರು ಸಮುದ್ರದ್ದೇ ಅಲ್ಲವೇ ಎಂಬುದನ್ನು ತಿಳಿಯಲು ನಾಲಗೆಗಿಂತ ಸಮೀಪದ ಪ್ರಮಾಣವಿಲ್ಲ. ತಣ್ಣೀರುಬಾವಿಯೆಂಬುದು ಒಂದು ಮಗ್ಗುಲಿಗೆ ಹೊಳೆಯನ್ನೂ ಇನ್ನೊಂದು ಮಗ್ಗುಲಿಗೆ ಅರಬ್ಬೀ ಸಮುದ್ರವನ್ನೂ ಇಟ್ಟುಕೊಂಡ ಮರಳಿನ ಪಟ್ಟಿ. ಗುರುಪುರ ಹೊಳೆಯು ಅದರ ಬೆನ್ನಿಗೆ ತೆಂಕಣಕ್ಕೆ ಹರಿದು, ನೇತ್ರಾವತಿಯೊಡನೆ ಅಳಿವೆಬಾಗಿಲಿನಲ್ಲಿ ಕಡಲನ್ನು ಸೇರುತ್ತದೆ. ಬೇಸಗೆಯಲ್ಲಿ ಹೊಳೆ ಬಡವಾದಾಗ ಉಬ್ಬರದೊಡನೆ ಉಪ್ಪುನೀರು ಆ ಬಾಗಿಲಿನಿಂದಲೇ ಒಳನುಗ್ಗಿ ಕಡವನ್ನು ದಾಟಿ ಮೇಲಕ್ಕೂ ಏರುತ್ತದೆ. ಮಳೆಗಾಲದಲ್ಲಿ ಘಟ್ಟದ ಕೆಂಪುನೀರು ಅದನ್ನು ಹೊರದಬ್ಬುತ್ತದೆ. ಆದ್ದರಿಂದ ಅದೇ ದೋಣಿ, ಅದೇ ಹಲಗೆ, ಅದೇ ಪ್ರಯಾಣಿಕನಿದ್ದರೂ ವೈಶಾಖದಲ್ಲಿ ದಾಟಿದ್ದು ಸಮುದ್ರಯಾನ, ಶ್ರಾವಣದಲ್ಲಿ ದಾಟಿದ್ದು ನದೀತರಣ. ಕಬ್ಬು ಕಡಿದು, ಮಕ್ಕಳಿಗೆ ರಜೆ ಬಂದು, ಕೈಯಲ್ಲಿ ನಾಲ್ಕು ಕಾಸು ಓಡಾಡುವ ವೈಶಾಖದಲ್ಲಿಯೇ ನಮ್ಮವರು ಹೊರಡುವರೆಂಬುದು ದುರ್ದೈವ. ನಿರ್ದೋಷವಾದ ಶ್ರಾವಣದಲ್ಲಿ ಕಡಲು ಹತ್ತಿರ ಬಿಟ್ಟುಕೊಳ್ಳುವುದಿಲ್ಲವೆಂಬುದು ಇನ್ನೊಂದು.

ಇಲ್ಲಿ ನಾಗಮಂಗಲದವರು ಗೆದ್ದೆವೆಂದು ಎದ್ದು ನಿಲ್ಲುತ್ತಾರೆ. ಅವರು ಮತ್ತೆ ಕುಳಿತುಕೊಳ್ಳಬಹುದು. ಏಕೆಂದರೆ ಪುರಾಣದ ಭೂಗೋಳವನ್ನು ಅವರು ಮರೆತಿದ್ದಾರೆ. ಜಂಬೂದ್ವೀಪವನ್ನು ಸುತ್ತಿರುವುದು ಲವಣಸಮುದ್ರ, ಅದರಾಚೆಗೆ ಪ್ಲಕ್ಷದ್ವೀಪ, ಪ್ಲಕ್ಷವನ್ನು ಸುತ್ತಿರುವುದು ಇಕ್ಷುಸಮುದ್ರ, ಅಂದರೆ ಕಬ್ಬಿನ ಹಾಲಿನ ಕಡಲು. ಮಾಕವಳ್ಳಿಯಲ್ಲೊಂದು ಸಕ್ಕರೆ ಕಾರ್ಖಾನೆ, ಪಾಂಡವಪುರದಲ್ಲೊಂದು, ನಡುವೆ ಕಣ್ಣು ಹಾಯುವವರೆಗೆ ಕಬ್ಬಿನ ಗದ್ದೆ, ದಾರಿಯುದ್ದಕ್ಕೂ ಆಲೆಮನೆ: ಇಕ್ಷುಸಮುದ್ರದ ದಡ ಇದಲ್ಲವಾದರೆ ಮತ್ತಾವುದು? ಆದಕಾರಣ ಮಾಕವಳ್ಳಿಯು ಪ್ಲಕ್ಷದ್ವೀಪದಲ್ಲಿದೆ. ಅಲ್ಲಿಯವನು ಹುಟ್ಟಿದ್ದೇ ಲವಣಸಮುದ್ರದ ಆಚೆ. ಅವನು ತಣ್ಣೀರುಬಾವಿಗೆ ಬರುವುದು ಪರದೇಶಗಮನವಲ್ಲ, ಜಂಬೂದ್ವೀಪಕ್ಕೆ ಮರಳಿಬರುವುದು. ಊರಿನ ಹೊಳೆಯಾದ ಹೇಮಾವತಿಯ ನಡತೆಯೂ ಇದನ್ನೇ ಸಮರ್ಥಿಸುತ್ತದೆ. ಮೂಡಿಗೆರೆಯ ಘಟ್ಟದ ನೆತ್ತಿಯಲ್ಲಿ ಹುಟ್ಟಿ, ಪಡುವಣ ಕಡಲು ಅಷ್ಟು ಸಮೀಪದಲ್ಲಿದ್ದರೂ ಅದಕ್ಕೆ ಬೆನ್ನುಹಾಕಿ, ಹಾಸನವನ್ನು ಹಾದು, ನಮ್ಮ ತಾಲ್ಲೂಕಿನ ಗದ್ದೆಗಳಿಗೆ ಉಣಿಸಿ, ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಗೆ ಸೇರಿ, ಬಂಗಾಳ ಕೊಲ್ಲಿಯವರೆಗೆ ಬಳಸಿ ಹೋಗುವ ಈ ನದಿಗೆ ಮಂಗಳೂರಿನ ಉಪ್ಪು ಸಮೀಪದ್ದೆನಿಸಿರಲಾರದು.

ಇಷ್ಟಾದರೂ ಸಂಶಯವುಳಿದವರಿಗಾಗಿ ಪ್ರಾಯಶ್ಚಿತ್ತವನ್ನು ಪರೀಕ್ಷಿಸಿದೆವು. ಬೌಧಾಯನನ ವಿಧಿಯಂತೆ ಪತಿತನು ನಾಲ್ಕನೆಯ ಊಟದ ಹೊತ್ತಿಗೊಮ್ಮೆ ಮಿತವಾಗಿ ಉಣ್ಣತಕ್ಕದ್ದು, ದಿನಕ್ಕೆ ಮೂರು ಬಾರಿ ಮೀಯತಕ್ಕದ್ದು, ಹಗಲು ನಿಂತಿರತಕ್ಕದ್ದು, ರಾತ್ರಿ ಕುಳಿತಿರತಕ್ಕದ್ದು. ಹೀಗೆ ಮೂರು ವರ್ಷ. ಧರ್ಮಸ್ಥಳದ ನೇತ್ರಾವತಿಯಲ್ಲೊಂದು ಮೀಹ, ಕುಕ್ಕೆಯ ಕುಮಾರಧಾರೆಯಲ್ಲೊಂದು, ಕಡಲಿನಲ್ಲೊಂದು. ಹಗಲೆಲ್ಲ ದರ್ಶನದ ಸರತಿಯಲ್ಲಿ ನಿಲುವು. ರಾತ್ರಿಯೆಲ್ಲ ಶಿರಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನ ಸೀಟಿನ ಮೇಲೆ ಕೂರಿಕೆ. ಮುದ್ದೆಯಿಲ್ಲದ ಊರಿನಲ್ಲಿ ಮಿತಭೋಜನವಂತೂ ಸ್ವಯಂಸಿದ್ಧ. ಸೂತ್ರಕಾರನು ನಮ್ಮ ಪ್ರವಾಸದ ಬಸ್ಸನ್ನು ಮುಂಗಂಡೇ ವಿಧಿಯನ್ನು ರಚಿಸಿದನೆಂದು ಊಹಿಸಲು ಬಲವಾದ ಕಾರಣಗಳಿವೆ. ಉಳಿದದ್ದು ಮೂರು ವರ್ಷವೆಂಬ ಅವಧಿ. ಪ್ರಾಯಶ್ಚಿತ್ತಕ್ಕೆಂದು ಹೋದಾಗಲೆಲ್ಲ ದೋಷವು ಹೊಸದಾಗಿ ಅಂಟುತ್ತದೆಂಬ ಅನವಸ್ಥೆಯನ್ನು ನಾಗಮಂಗಲದವರು ಎತ್ತಿ ತೋರಿಸಲಾಗಿ, ನಮ್ಮ ತಂಡದವರು, “ಹಂಗಾದ್ರೆ ಮುಂದಿನ್ ವರ್ಸನೂ ಹೋಗ್ಲೇಬೇಕು ಕಣಣ್ಣ” ಎಂದು ಪರಮಾನಂದದಿಂದ ಒಪ್ಪಿಕೊಂಡರು.

ಆದುದರಿಂದ ನಿರ್ಣಯವು ಇಂತಿದೆ: ಬೇಸಗೆಯಲ್ಲಿ ಸುಲ್ತಾನ್ ಬತ್ತೇರಿಯ ಕಡವನ್ನು ದಾಟುವುದು ಸಮುದ್ರಯಾನವೇ ಸರಿ, ಆದರೆ ಕಬ್ಬಿನ ಸೀಮೆಯವರಿಗೆ ದೋಷವಿಲ್ಲ; ನಾಗಮಂಗಲದವರು ಒಂದು ಲೋಟ ಕಬ್ಬಿನ ಹಾಲನ್ನು ಕುಡಿದು ದೋಣಿಯೇರತಕ್ಕದ್ದು. ಮಳೆಗಾಲದಲ್ಲಿ ಹೋಗುವವರಿಗೆ ಶಾಸ್ತ್ರದ ಅಡ್ಡಿ ಏನೂ ಇಲ್ಲವಾದರೂ, ದೋಣಿ ನಡೆಯುತ್ತಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು, ಅಲೆಗೆ ಇಳಿಯದೆ, ಮಕ್ಕಳ ಕೈ ಬಿಡದೆ, ದಡದ ಮೇಲಿನಿಂದಲೇ ಕಡಲನ್ನು ನೋಡಿ ಹಿಂದಿರುಗಬೇಕೆಂದು ಓದುಗರಲ್ಲಿ ವಿನಂತಿ.